ಐದನೆಯ ಮಾತು

ಬಿಳಿ, ಬರೀ ಬಿಳಿ, ಬುಟ್ಟಿ ತುಂಬಿ ಅಂಚಿನಿಂದ ಚೆಲ್ಲುವಷ್ಟು ಮಲ್ಲಿಗೆ, ಆಟೋ ಅದರ ಮಗ್ಗುಲಿಗೇ ಬಂದು ನಿಂತಿದೆ, ಕೈ ಚಾಚಿದರೆ ಸಿಗುತ್ತದೆ, ಆದರೂ ದೋರ್ಕಾಳ ಮೂಗಿಗೆ ಏನೂ ಇಲ್ಲ — ಕ್ಯಾಲೆಂಡರಿನಲ್ಲಿ ಅಚ್ಚಾದ ಹೂವಿನ ಹಾಗೆ, ಗಾಂಧಿ ಬಜಾರಿಗೆ ಗಾಂಧಿ ಬಜಾರೇ ಒಂದು ವರ್ಷದಿಂದ ಕ್ಯಾಲೆಂಡರಿನೊಳಗೆ ಹೋಗಿ ಕೂತಿದೆ, ದವನ, ಕಾಫಿಪುಡಿ, ಕೊತ್ತಂಬರಿ ಕಟ್ಟು, ಒಂದಕ್ಕೂ ವಾಸನೆ ಇಲ್ಲ, ಮೂಗು ಇರುವುದು ಕನ್ನಡಕ ಕೂರಿಸುವುದಕ್ಕೆ ಅಷ್ಟೇ, ಉಸಿರು ಆ ಹಳೇ ದಾರಿ ಬಿಟ್ಟು ಕತ್ತಿನ ಬುಡದ ತೂತಿನಿಂದ ಬಂದು ಹೋಗುತ್ತದೆ, ತೂತಿನ ಮೇಲೆ ಬಿಳಿ ಬಟ್ಟೆ, ಅದನ್ನು ಗಂಡ ದಯಾನಂದರು ದಿನಾ ಬೆಳಿಗ್ಗೆ ಒಗೆದು, ಕೂಸಿನ ಬಟ್ಟೆ ಒಣಹಾಕಿದ ಹಾಗೆ, ಹಗ್ಗಕ್ಕೆ ಸಾಲಾಗಿ ಹಾಕುತ್ತಾರೆ, ನೋಡಿದವರು ಈ ಮನೇಲಿ ಮೊಮ್ಮಗು ಬಂತಾ ಅಂದುಕೊಳ್ಳಬೇಕು — ಮೇಡಂ, ಲೆಫ್ಟಾ, ಸ್ಟ್ರೈಟಾ, ಅಂತ ಆಟೋದವನು ಕಿರುಚುತ್ತಾನೆ, ಮಾತು ಬರದವರಿಗೆ ಕಿವಿಯೂ ಕೇಳುವುದಿಲ್ಲ ಅಂತ ಊರಿಗೆಲ್ಲ ಯಾರು ಡಂಗುರ ಹೊಡೆದರೋ, ಅವಳು ಕೈ ನೀಟಾಗಿ ಮುಂದಕ್ಕೆ ತೋರಿಸುತ್ತಾಳೆ, ಕ್ಲಾಸಿನಲ್ಲಿ ಬೋರ್ಡು ತೋರಿಸಿದ ಹಾಗೆ, ಸ್ಟ್ರೈಟಪ್ಪಾ ಸ್ಟ್ರೈಟು. ಮಷೀನು ಚೀಲದಲ್ಲೇ ಇದೆ. ತೆಗೆದು ಕತ್ತಿಗೆ ಒತ್ತಿ ಮಾತಾಡಬಹುದು, ಮನೆಯಲ್ಲಿ ದಯಾನಂದರ ಹತ್ತಿರ ಆಡುತ್ತಾಳೆ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಆಡುತ್ತಾಳೆ, ಹೊರಗೆ ಇಲ್ಲ, ಹೊರಗೆ ಒಂದೇ ಒಂದು ಸಲ, ತರಕಾರಿ ಅಂಗಡಿಯಲ್ಲಿ ಹುರುಳೀಕಾಯಿ ಅಂದಿದ್ದಷ್ಟೇ, ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿ ಗುಂಯ್ಗುಟ್ಟಿದ ಹಾಗೆ ಒಂದೇ ಶ್ರುತಿಯ ಆ ಸದ್ದಿಗೆ ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿಬಿಟ್ಟಳು, ಅವತ್ತಿನಿಂದ ಚೀಲದಲ್ಲೇ ಇದೆ. ಇವತ್ತು ತೆಗೆಯಬೇಕು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಚೈತನ್ಯಾ ಮೆಸೇಜು ಹಾಕಿದ್ದಾಳೆ — ಆಂಟಿ, ಪರಮಶಿವಯ್ಯ ಅಂತ ಒಬ್ರು ಇದಾರೆ, ಗಾಂಧಿ ಬಜಾರಲ್ಲಿ ಹೂವಿನಂಗಡಿ, ನಿಮ್ದೇ ಕೇಸು, ಧ್ವನಿಪೆಟ್ಟಿಗೆ ತೆಗೀಲೇಬೇಕು, ಒಪ್ತಿಲ್ಲ, ಸತ್ರೆ ಸಾಯ್ತೀನಿ ಮೂಗ ಆಗಲ್ಲ ಅಂತ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದಾರೆ, ನೀವು ಒಂದ್ಸಲ ಬಂದು ಮಾತಾಡಿ ಆಂಟಿ. ಮಾತಾಡಿ ಅಂತೆ. ಮಾತಾಡುವುದಕ್ಕೆ ಇಡೀ ಬೆಂಗಳೂರಲ್ಲಿ ಇವಳೇ ಸಿಕ್ಕಿದ್ದು.

ಬೇಕಾದಷ್ಟು ಮಾತಾಡಿದ ಗಂಟಲು ಅದು, ಬೇಕಾದಷ್ಟು ಹಾಡಿದ್ದು, ಅಪ್ಪ ಬಿನ್ನಿ ಮಿಲ್ಲಿನ ಮಗ್ಗದ ಸದ್ದಿನಲ್ಲಿ ಕಿವಿ ಮಂದ ಮಾಡಿಕೊಂಡು ಮನೆಗೆ ಬಂದರೆ ಜೋರಾಗಿ ಹಾಡು ಮರೀ, ನನಗೂ ಕೇಳಲಿ ಅನ್ನುತ್ತಿದ್ದರು, ಹಾಗಾಗಿ ಜೋರಾಗಿಯೇ ಕಲಿತಳು, ಆ ಜೋರೇ ಆಮೇಲೆ ಚಾಮರಾಜಪೇಟೆಯ ದೇವಾಲಯದ ಗಾಯಕವೃಂದದಲ್ಲಿ ಮುಂದಿನ ಸಾಲಿಗೆ ತಂದು ನಿಲ್ಲಿಸಿತು, ಕರೆಂಟು ಹೋಗಿ ಮೈಕು ಸತ್ತರೆ ಪಾದ್ರಿ ಅಯ್ಯನವರು ತಿರುಗಿ ನೋಡುತ್ತಿದ್ದದ್ದು ಇವಳನ್ನೇ, ದೋರ್ಕಮ್ಮಾ ನೀವೇ ಎತ್ತಿ, ಎತ್ತಿದರೆ ಕೊನೇ ಬೆಂಚಿನ ಮುದುಕರೂ ಎದ್ದು ನಿಲ್ಲಬೇಕು, ಸ್ಕೂಲಿನಲ್ಲೂ ಅದೇ ಗಂಟಲು, ಮಗ್ಗಿ ಹೇಳಿಸಿದರೆ ಆಚೆ ಬೀದಿಯ ಮಕ್ಕಳಿಗೂ ಬಾಯಿಪಾಠ ಆಗುತ್ತಿತ್ತು — ಆ ಗಂಟಲಿಗೇ ಬಂತು. ಮೊದಲು ಕರಕರ ಅಂತು, ಚಳಿಗೆ ಅಂದುಕೊಂಡರು, ಕಷಾಯ ಆಯಿತು, ಜೇನುತುಪ್ಪ ಆಯಿತು, ಕ್ರಿಸ್ಮಸ್ಸಿನ ಹಾಡಿನ ಮಧ್ಯೆ ದನಿ ಹಳೇ ಬಟ್ಟೆ ಹರಿದ ಹಾಗೆ ಪರ್ ಅಂತ ಹರಿಯಿತು, ಆಮೇಲೆ ಟ್ಯೂಬು ಇಳಿಸಿ ನೋಡಿದ ಡಾಕ್ಟರು ಕಂಪ್ಯೂಟರಿನ ಕಡೆ ಮುಖ ಮಾಡಿಯೇ ಹೇಳಿದರು, ದಯಾನಂದರು ಇನ್ನೊಂದು ಸಲ ಹೇಳಿ ಸಾರ್ ಅಂದರು, ಅವರು ಇನ್ನೊಂದು ಸಲ ಹೇಳಿದರು. ಬೀಡಿ ಸೇದಿದವಳಲ್ಲ, ಹೊಗೆಸೊಪ್ಪು ಅಗಿದವಳಲ್ಲ, ಸ್ತುತಿ ಹಾಡಿದ್ದೇ ತಪ್ಪಾಯಿತೇ ಸ್ವಾಮಿ, ಅಂತ ಆ ರಾತ್ರಿಯಿಂದ ಶುರುವಾದ ಜಗಳ ಅದು, ಒಬ್ಬರೇ ಆಡುವ ಜಗಳ. ನೋಡಲು ಬಂದವರು ಒಂದೊಂದು ಹೇಳಿದರು, ಪರೀಕ್ಷೆ ಇದು ಸಿಸ್ಟರ್ ಅಂದರು, ನಂಬಿಕೆ ಗಟ್ಟಿಯಿದ್ದರೆ ಆಪರೇಷನ್ನೇ ಬೇಡ, ನಮ್ಮ ಕೂಟಕ್ಕೆ ಬನ್ನಿ, ಗಡ್ಡೆ ಕರಗುತ್ತೆ ಅಂದರು, ಇನ್ನೊಬ್ಬಾಕೆ ತಲೆ ಮೇಲೆ ಕೈಯಿಟ್ಟು ಮನಸ್ಸಲ್ಲಿ ಏನಾದ್ರೂ ಮುಚ್ಚಿಟ್ಕೊಂಡಿದೀರಾ, ಅರಿಕೆ ಮಾಡಿಬಿಡಿ ಅಂದಳು, ದೋರ್ಕಾಗೆ ಆಗಿನ್ನೂ ಅರ್ಧ ಗಂಟಲಿತ್ತು, ಹೌದಮ್ಮ, ನಿನ್ನನ್ನ ಎದ್ದು ಹೋಗು ಅನ್ನಬೇಕು ಅಂತ ಮುಚ್ಚಿಟ್ಕೊಂಡಿದೀನಿ ಅಂದಳು, ದಯಾನಂದರು ಅಡಿಗೆಮನೆಗೆ ಓಡಿಹೋಗಿ ಬಾಯಿಗೆ ಟವೆಲು ಇಟ್ಟುಕೊಂಡು ನಕ್ಕಿದ್ದರು. ಅಯ್ಯನವರೊಬ್ಬರು ಮಾತ್ರ ಏನೂ ಹೇಳಲಿಲ್ಲ, ಬಂದರು, ಕುರ್ಚಿ ಎಳೆದುಕೊಂಡು ಕೂತರು, ಕಾಫಿ ಕುಡಿದರು, ಕಣ್ಣೊರೆಸಿಕೊಂಡು ಹೋದರು, ಅದೊಂದು ಸ್ವಲ್ಪ ಹಿತವಾಗಿತ್ತು.

ಹಿತವೆಲ್ಲ ಆಪರೇಷನ್ನಿನ ಆಚೆ ನಿಲ್ಲಲಿಲ್ಲ, ಎಚ್ಚರವಾಗಿ ಬಾಯಿ ತೆರೆದರೆ ಗಾಳಿ, ಬರೀ ಗಾಳಿ, ಅದೂ ಬಾಯಿಂದಲ್ಲ, ಅಳು ಬಂದರೆ ಅಳುವಿಗೂ ಸದ್ದಿಲ್ಲ, ಒಲೆಯ ಮೇಲೆ ಹಾಲು ಉಕ್ಕಿದರೆ ಹಜಾರದಲ್ಲಿರುವ ಗಂಡನನ್ನು ರೀ ಅಂತ ಕರೆಯುವ ಹಾಗಿಲ್ಲ, ಬಿಸಿ ಕಾಫಿ ಊದುವ ಹಾಗಿಲ್ಲ, ಗಾಯ ಬೇರೆ ಕೂಡಲೊಲ್ಲದೆ ಒಂದು ಕಡೆ ಸೋರಿತು, ವಾರಗಟ್ಟಲೆ ಮೂಗಿಗೆ ಹಾಕಿದ ನಳಿಗೆಯಲ್ಲೇ ಗಂಜಿ, ಬಾಯಿಗೆ ತೊಟ್ಟು ನೀರೂ ಕೂಡದು ಅಂದರು, ಏಪ್ರಿಲಿನ ಬಿಸಿಲು, ನಾಲಿಗೆ ಸೌದೆಯ ಸಿಗುರಾಗಿತ್ತು, ಆ ನಳಿಗೆ ಸಮೇತ ಶುಭ ಶುಕ್ರವಾರದ ಆರಾಧನೆಗೆ ಹೋಗುತ್ತೇನೆ ಅಂತ ಕೈಸನ್ನೆ ಮಾಡಿದಳು, ದಯಾನಂದರು ಬೇಡ ಅಂದರು, ಹೋದಳು — ಭಕ್ತಿಯಿಂದಲ್ಲ, ಅದು ಅವಳಿಗೂ ಗೊತ್ತು, ಸ್ವಾಮಿಗೂ ಗೊತ್ತು, ಜಗಳ ಎದುರಿಗೇ ಕೂತು ಆಡೋಣ ಅಂತ ಹೋದಳು. ಮಧ್ಯಾಹ್ನದ ಮೂರು ತಾಸು, ಶಿಲುಬೆಯ ಮೇಲೆ ಸ್ವಾಮಿ ಆಡಿದ ಏಳು ಮಾತು, ಒಂದೊಂದು ಮಾತಿಗೂ ಒಂದು ಧ್ಯಾನ, ಒಂದು ಹಾಡು, ಅವಳು ಗಾಯಕವೃಂದದಲ್ಲಲ್ಲ, ಹಿಂದೆ, ಫ್ಯಾನು ಕೆಟ್ಟ ಜಾಗದಲ್ಲಿ, ಸೆರಗು ಮೂಗಿನವರೆಗೆ ಎಳೆದುಕೊಂಡು ಕೂತಿದ್ದಾಳೆ, ಐದನೆಯ ಮಾತು ಬಂತು, ಬಾಯಾರಿಕೆಯ ಮಾತು, ಹುಟ್ಟಿದಾಗಿನಿಂದ ಕೇಳಿದ್ದಾಳೆ, ಕೇಳಿದ್ದಾಳೆ ಎಲ್ಲಿ ಬಂತು, ವರ್ಷಾ ವರ್ಷಾ ಆ ಹೊತ್ತಿಗೆ ಮುಂದಿನ ಹಾಡಿನ ಶ್ರುತಿ ಹಿಡಿದು ಕಾಯುತ್ತಿದ್ದಳು, ಅಷ್ಟೇ — ಅವತ್ತು ಕೇಳಿದಳು, ಕಿವಿಯಿಂದಲ್ಲ, ಆ ಒಣಗಿದ ನಾಲಿಗೆಯಿಂದ. ಬೆಟ್ಟದ ಮೇಲೆ ಅಷ್ಟೊಂದು ಜನಕ್ಕೆ ಮೈಕಿಲ್ಲದೆ ಕೇಳಿಸಿದ ಗಂಟಲು, ಸಮುದ್ರಕ್ಕೆ ಸುಮ್ಮನಿರು ಅಂದ ಗಂಟಲು, ಸತ್ತ ಗೆಳೆಯನನ್ನು ಗವಿಯಿಂದ ಆಚೆ ಬಾ ಅಂತ ಕೂಗಿ ಎಬ್ಬಿಸಿದ ಗಂಟಲು, ಕೊನೆಗೆ ಒಂದು ಗುಟುಕು ನೀರು ಕೇಳುವ ಹೊತ್ತಿಗೆ ಅದು ಹೇಗಿತ್ತೋ, ಪರ್ ಅಂತ ಹರಿದಿತ್ತೋ, ಕೆಳಗಿದ್ದವರಿಗೆ ಕೇಳಿತೋ ಇಲ್ಲವೋ, ಕೇಳಿದವರು ಕೊಟ್ಟದ್ದೂ ನೀರಲ್ಲ, ಹುಳಿ ಹಿಡಿದ ದ್ರಾಕ್ಷಾರಸ — ಇದೇ, ಇದೇ ಸ್ವಾಮಿ, ಹೀಗೇ, ಅಂಟಿಕೊಂಡ ನಾಲಿಗೆ ಹೀಗೇ, ನಿನಗೂ ಇದು ಗೊತ್ತಾ, ಅಂದುಕೊಂಡಳು, ಅವಳ ಯಾಕೆ ಅನ್ನುವ ಪ್ರಶ್ನೆ ಅಲ್ಲೇ ಇತ್ತು, ಬೆಂಚಿನ ಮೇಲೆ, ಪಕ್ಕದಲ್ಲಿ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ, ಆದರೆ ಆಚೆ ಪಕ್ಕದಲ್ಲಿ ಯಾರೋ ಬಂದು ಕೂತ ಹಾಗಾಯಿತು, ಅವರ ಬಾಯೂ ಒಣಗಿತ್ತು. ಇದನ್ನು ಯಾರಿಗೆ ಹೇಳುವುದು, ಹೇಗೆ ಹೇಳುವುದು, ಆಮೇಲೆ ಹಾಡು ಎತ್ತಿದರು, ಅವಳು ಎತ್ತಲಿಲ್ಲವಲ್ಲ, ಅದಕ್ಕೇ ಮೊದಲನೇ ಸಲ ಆ ಹಾಡು ಅವಳಿಗೆ ಕೇಳಿಸಿತು, ಎಲ್ಲರದೂ, ಮುದುಕಿಯರ ನಡುಗು, ಯಾರದೋ ಗೊರಕೆಯಂಥ ಕೆಳಸ್ವರ, ಅದೆಲ್ಲದರ ನಡುವೆ ಒಂದು ಗಂಡುದನಿ, ಶ್ರುತಿಗೂ ತನಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ, ತಾಳದ ಹಿಂದೆ ಹಿಂದೆ ಎಡವುತ್ತಾ, ಆದರೂ ಬಿಡದೆ, ಯಾರಪ್ಪ ಇದು ಅಂತ ತಿರುಗಿದರೆ ದಯಾನಂದರು, ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ಹಾಡುತ್ತಿದ್ದಾರೆ, ಮದುವೆಯಾಗಿ ಇಷ್ಟು ಕಾಲ ಅದೇ ದೇವಾಲಯದಲ್ಲಿ ಹಾಡುತ್ತಿದ್ದ ಮನುಷ್ಯ, ಇವಳ ಜೋರಿನಲ್ಲಿ ಇವಳಿಗೇ ಕೇಳಿರಲಿಲ್ಲ — ನಗು ಬಂತು, ಎಲ್ಲಿಂದ ಬಂತೋ, ಶುಭ ಶುಕ್ರವಾರದ ದಿನ, ಮೂಗಿನಲ್ಲಿ ನಳಿಗೆ, ಭುಜ ಕುಲುಕಿ ಕುಲುಕಿ ನಗು, ಕತ್ತಿನ ತೂತಿನಿಂದ ಕುಕ್ಕರಿನ ಹಾಗೆ ಫುಸ್ ಫುಸ್, ಪಕ್ಕದವರು ಪಾಪ ಅಳ್ತಿದಾರೆ ಅಂತ ಬೆನ್ನು ಸವರಿದರು. ಅಳುವೂ ಇತ್ತು ಅನ್ನಿ. ಅದನ್ನು ಸಂತೋಷ ಅನ್ನುವುದಕ್ಕೆ ಅವಳಿಗೆ ಇವತ್ತಿಗೂ ಸಂಕೋಚ, ಬೇರೆ ಹೆಸರೂ ಗೊತ್ತಿಲ್ಲ. ಮಾರನೇ ದಿನ ಹಾಲು ಮತ್ತೆ ಉಕ್ಕಿತು, ಮತ್ತೆ ಅತ್ತಳು, ಆದರೂ ಒಬ್ಬಳೇ ಅಳುವುದಕ್ಕೂ ಜೊತೆಯಲ್ಲಿ ಯಾರೋ ಇದ್ದಾಗ ಅಳುವುದಕ್ಕೂ ವ್ಯತ್ಯಾಸ ಇದೆ, ಅಷ್ಟು ಹೇಳಬಲ್ಲಳು.

ಬಂತು ಮೇಡಂ ಆಸ್ಪತ್ರೇ, ಅಂತ ಆಟೋದವನು ಮತ್ತೆ ಕಿರುಚಿದ, ಇಳಿದಳು, ಮೆಟ್ಟಿಲು, ಉಸಿರು ಬೇಗ ಸೋಲುತ್ತದೆ, ಕಂಬಿ ಹಿಡಿದು ನಿಂತು ಹತ್ತಿದಳು, ಫಿನಾಯಿಲು ಒರೆಸುತ್ತಿದ್ದಾರೆ, ಅದರ ವಾಸನೆ ತಿಳಿಯದ್ದು ಮಾತ್ರ ಒಂದು ಭಾಗ್ಯ, ಚೈತನ್ಯಾ ಓಡಿಬಂದು ಕೈ ಹಿಡಿದಳು, ಬಂದ್ರಲ್ಲ ಆಂಟಿ, ಥ್ಯಾಂಕ್ಸ್, ಡಾಕ್ಟರು ಹೇಳಿಬಿಟ್ಟಿದಾರೆ, ಈ ವಾರ ಆಗಲಿಲ್ಲ ಅಂದ್ರೆ ಆಮೇಲೆ ಮಾಡಕ್ಕಾಗಲ್ಲ ಅಂತ. ಕಿಟಕಿ ಪಕ್ಕದ ಮಂಚ, ಗೋಡೆ ಕಡೆ ತಿರುಗಿದ ಅಗಲವಾದ ಬೆನ್ನು, ಬನಿಯನ್ನಿನ ಮೇಲೆ ಲಿಂಗದ ದಾರ, ಕಾಲ ಬಳಿ ಸ್ಟೂಲಿನಲ್ಲಿ ಹೆಂಡತಿ ಶೈಲಜಮ್ಮ, ಹಣೆಯ ವಿಭೂತಿ ಬೆವರಿಗೆ ಕರಗಿದೆ, ಬನ್ನಿ ಅಕ್ಕಾ ಕೂತ್ಕೊಳ್ಳಿ ಅಂದಳು, ರೀ, ನೋಡ್ರೀ, ನಿಮ್ ತರಾನೇ ಆಗಿದ್ದೋರು ಬಂದಿದಾರೆ. ಬೆನ್ನು ಅಲ್ಲಾಡಲಿಲ್ಲ. ಯಾರ್ ಬಂದ್ರೂ ಅಷ್ಟೆ, ಅಂತ ಬೆನ್ನಿನ ಆಚೆಯಿಂದ ದನಿ ಬಂತು — ಆ ದನಿ, ಕರಕರ, ಜಲ್ಲಿಯ ಮೇಲೆ ಕಬ್ಬಿಣ ಎಳೆದ ಹಾಗೆ, ದೋರ್ಕಾಗೆ ಚೆನ್ನಾಗಿ ಗೊತ್ತು, ಅದು ಅವಳದೇ ಕೊನೆಯ ದನಿ. ಈಗ ತೆಗೆಯಬೇಕು. ಚೀಲ, ಜಿಪ್ಪು, ಮಷೀನು, ಸಣ್ಣ ಟಾರ್ಚಿನಷ್ಟು, ವಾರ್ಡಿನ ತುಂಬ ಜನ, ಸೆರಗಿನಲ್ಲಿ ಮುಖ ಹುದುಗಿಸಿದ ಆ ಪುಟ್ಟ ಹುಡುಗಿ ನೆನಪಾಗಿ ಕೈ ನಿಂತಿತು, ಸ್ವಾಮಿ, ನೀನೂ ಜನದ ಎದುರಿಗೇ ಕೇಳಿದೆಯಲ್ಲವಾ, ಆ ಹರಿದ ದನಿಯಲ್ಲೇ, ಒತ್ತಿದಳು, ಒತ್ತಿದ ಜಾಗ ತಪ್ಪಿ ಕೊಯ್ಯ್ ಅಂತು, ಆಚೆ ಮಂಚದವರು ತಿರುಗಿದರು, ಮತ್ತೆ ಒತ್ತಿದಳು, ನಮಸ್ಕಾರ, ನನ್ನ ಹೆಸರು ದೋರ್ಕಾ, ಟೀಚರಾಗಿದ್ದೆ, ಅಂತು ಮಷೀನು, ಗುಂಯ್ ಗುಂಯ್, ಏರಿಲ್ಲ ಇಳಿವಿಲ್ಲ. ಬೆನ್ನು ತಿರುಗಿತು. ದೊಡ್ಡ ಮುಖ, ಬಿಳಿ ಮೀಸೆ, ಕಣ್ಣು ಅವಳ ಬಾಯಿಗೂ ಅಲ್ಲ, ಮಷೀನಿಗೂ ಅಲ್ಲ, ಕತ್ತಿನ ಬಟ್ಟೆಗೆ ನೆಟ್ಟಿದೆ.

ತೋರಿಸಿ ಅಂದರು ಪರಮಶಿವಯ್ಯ. ರೀ, ಏನ್ರೀ ಅದು, ಅಂತ ಶೈಲಜಮ್ಮ ನಾಚಿದಳು, ದೋರ್ಕಾ ಬಟ್ಟೆ ಎತ್ತಿ ತೋರಿಸಿದಳು, ಅವರು ನೋಡಿದರು, ಬಹಳ ಹೊತ್ತು, ಬಾವಿಗೆ ಬಗ್ಗಿ ನೋಡುವವರ ಹಾಗೆ. ನೋವಾಗುತ್ತಾ. ಈಗಿಲ್ಲ. ಊಟ. ಮಾಡ್ತೀನಿ, ನಿಧಾನ. ವಾಸನೆ, ಅಂತ ಕೇಳಿದರು, ಕೇಳಿ ತಾವೇ ಕಣ್ಣು ತಪ್ಪಿಸಿದರು, ಹೂವಿನವರು, ಕತ್ತಲಲ್ಲಿ ಬುಟ್ಟಿ ತೆಗೆದು ಮೂಸಿಯೇ ಇದು ಇವತ್ತಿನ ಮೊಗ್ಗು, ಇದು ನಿನ್ನೇದು ಅನ್ನುವವರು, ಸುಳ್ಳು ಹೇಳಬಹುದಿತ್ತು, ಚೈತನ್ಯಾ ಹಿಂದಿನಿಂದ ಕಣ್ಸನ್ನೆ ಮಾಡುತ್ತಿದ್ದಳು, ಇಲ್ಲ, ಹೋಯಿತು, ಬಾಯಿ ಮುಚ್ಚಿ ಆಕಳಿಸೋ ಹಾಗೆ ದವಡೆ ಇಳಿಸಿದ್ರೆ ಒಂಚೂರು ಬರುತ್ತೆ ಅಂತ ಈ ಹುಡುಗಿ ಹೇಳಿಕೊಟ್ಟಿದಾಳೆ, ನನಗೆ ಇನ್ನೂ ಸರಿಯಾಗಿ ಬಂದಿಲ್ಲ, ಅಂದಳು. ಪರಮಶಿವಯ್ಯ ತಲೆಯಾಡಿಸಿದರು, ನಿಜ ಹೇಳಿದವರು ನೀವೊಬ್ರೇ, ಉಳಿದೋರೆಲ್ಲ ಏನಿಲ್ಲ ಯಜಮಾನ್ರೇ, ಜುಜುಬಿ ಆಪರೇಷನ್ನು ಅಂತಾರೆ, ನಮ್ಮಪ್ಪ ಸತ್ತಾಗಿನಿಂದ ಆ ಕಟ್ಟೆ ಮೇಲೆ ಕೂತು ಕೂಗ್ತಿದೀನಿ ತಾಯಿ, ಆ ಕೂಗು ಕೇಳಿ ಜನ ಬರ್ತಾರೆ, ಅದಿಲ್ಲ ಅಂದ್ರೆ ನಾನ್ಯಾರು. ಇದೇ ಪ್ರಶ್ನೆ, ಬಚ್ಚಲುಮನೆಯಲ್ಲಿ ಕನ್ನಡಿಯ ಎದುರು ನಿಂತು ಅವಳು ಸದ್ದಿಲ್ಲದೆ ಕೇಳಿಕೊಂಡದ್ದು ಇದನ್ನೇ, ಮಷೀನು ಮಡಿಲಿಗಿಟ್ಟು ಅವರ ಕೈ ಹಿಡಿದುಕೊಂಡಳು, ಅಯ್ಯನವರು ಕೂತಿದ್ದ ಹಾಗೆ ಕೂತಳು. ಅವರೇ ಮತ್ತೆ ಕೇಳಿದರು, ನೀವು ಏಸುವಿನ ಕಡೆಯವರಲ್ವಾ, ಯಾಕಪ್ಪ ಹಿಂಗ್ ಮಾಡ್ದೆ ಅಂತ ನಿಮ್ ದೇವ್ರನ್ನ ಕೇಳ್ಲಿಲ್ವಾ. ಕೇಳಿದೆ, ಬೈದೆ ಕೂಡಾ, ಅಂದಳು. ಏನಂದ. ಏನೂ ಅನ್ನಲಿಲ್ಲ, ಬಂದು ಪಕ್ಕದಲ್ಲಿ ಕೂತ, ಸಾಯುವಾಗ ಅವನಿಗೂ ಗಂಟಲು ಒಣಗಿತ್ತು, ನೀರು ಕೇಳಿದ್ದ, ಅಂದಳು, ಅಷ್ಟನ್ನು ಹೇಳುವುದರೊಳಗೆ ಎರಡು ಸಲ ಮಷೀನಿನ ಗುಂಡಿಯಿಂದ ಬೆರಳು ಜಾರಿತು. ಪರಮಶಿವಯ್ಯನವರ ಮೀಸೆಯ ಮೂಲೆ ಅಲುಗಿತು, ನಮ್ಮಪ್ಪ ಶಿವನದೂ ಅದೇ ಕಥೆ, ವಿಷ ಹೊಟ್ಟೆಗೆ ಇಳೀಲಿಲ್ಲ, ಬಾಯಿಗೆ ಬರಲಿಲ್ಲ, ಗಂಟಲಲ್ಲೇ ನಿಂತ್ಕೊಂತು, ಒಟ್ನಲ್ಲಿ ದೇವರುಗಳಿಗೆಲ್ಲ ಗಂಟಲದೇ ತಾಪತ್ರಯ ಅನ್ನಿ. ಶೈಲಜಮ್ಮ ಬಿಡ್ತು ಅನ್ನಿ ಅಂದಳು, ಆದರೆ ಅವಳ ಮುಖ ಬಿಚ್ಚಿಕೊಂಡಿತು, ಗಂಡ ಇಷ್ಟು ಮಾತಾಡಿ ಎಷ್ಟು ದಿನವಾಗಿತ್ತೋ.

ಹಾಡ್ತಿದ್ರಂತೆ, ಈ ಮಗು ಹೇಳ್ತು, ಒಂದು ಹಾಡಿ, ಅಂದರು ಪರಮಶಿವಯ್ಯ, ಚೈತನ್ಯಾಳ ಕಡೆ ಕೈ ತೋರಿಸಿ. ಮಷೀನಿನಲ್ಲಾ, ಅಂತ ಹುಬ್ಬೇರಿಸಿದಳು. ನಾಳೆ ನನಗೂ ಅದೇ ಗತಿ ತಾನೇ, ಎಷ್ಟು ಕೆಟ್ಟದಾಗಿರುತ್ತೋ ನೋಡೇಬಿಡೋಣ. ಇಡೀ ದೇವಾಲಯವನ್ನು ಎಬ್ಬಿಸಿ ನಿಲ್ಲಿಸುತ್ತಿದ್ದವಳು, ಈ ವಾರ್ಡಿನಲ್ಲಿ, ಈ ಟಾರ್ಚಿನಲ್ಲಿ, ಬೇಡ ಅನ್ನಬೇಕು ಅನ್ನುವಷ್ಟರಲ್ಲಿ ಕೈ ತಾನಾಗಿ ಏರಿತು, ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳಿಕೊಡುತ್ತಿದ್ದ ಒಂದು ಸಣ್ಣ ಹಾಡು, ಬೆಳಗಾಯಿತು ಏಳು ಹಕ್ಕಿಯೇ ಅನ್ನುವಂಥದ್ದು, ಎತ್ತಿದಳು — ಗುಂಯ್ ಗುಂಯ್ ಗುಂಯ್, ಮೇಲಕ್ಕೆ ಹೋಗಬೇಕಾದಲ್ಲಿ ಗುಂಯ್, ಇಳಿಯಬೇಕಾದಲ್ಲೂ ಗುಂಯ್, ಹಕ್ಕಿ ಏಳುವುದಿರಲಿ, ಇದನ್ನು ಕೇಳಿದರೆ ಮರವೇ ಬೀಳಬೇಕು, ಆದರೂ ನಿಲ್ಲಿಸಲಿಲ್ಲ, ತಾಳ ತಪ್ಪಲಿಲ್ಲ, ಪಲ್ಲವಿ ಮುಗಿಸಿಯೇ ತೀರುತ್ತೇನೆ ಅಂತ ಹಾಡಿದಳು, ಆಚೆ ಮಂಚದಲ್ಲಿ ಯಾರೋ ಕಿಸಕ್ಕೆಂದರು, ಪರಮಶಿವಯ್ಯನವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ಮೀಸೆ, ಅಯ್ಯಯ್ಯೋ ತಾಯಿ, ನಮ್ಮ ಮಿಕ್ಸೀನೇ ವಾಸಿ, ಅಂತ ಕೆಮ್ಮುತ್ತಾ ನಕ್ಕರು, ಅವಳಿಗೂ ತಡೆಯಲಾಗಲಿಲ್ಲ, ಫುಸ್ ಫುಸ್, ಬಟ್ಟೆ ಹಾರಿತು, ಶೈಲಜಮ್ಮ ಸೆರಗು ಬಾಯಿಗಿಟ್ಟಳು, ಚೈತನ್ಯಾ ಗೋಡೆಗೆ ಒರಗಿ ನಗುತ್ತಿದ್ದಾಳೆ, ಅದೇ ಅದು, ಶುಭ ಶುಕ್ರವಾರದ ಆ ಸಂಕೋಚದ ವಸ್ತು, ಹೆಸರಿಲ್ಲದ್ದು, ಗಾಯದ ತೂತಿನಿಂದಲೇ ಬರುವುದು, ಇವತ್ತು ಇಷ್ಟು ಜನಕ್ಕೆ ಒಟ್ಟಿಗೆ ಬಂದಿದೆ, ಕರೆಯದೆ. ನಗು ಇಳಿಯಿತು. ಪರಮಶಿವಯ್ಯ ಎದ್ದು ಕೂತರು, ಮೀಸೆ ಒರೆಸಿಕೊಂಡರು, ಆದ ಮೇಲೆ ನೀವು ಬರ್ತೀರಾ ಅಂತ ಕೇಳಿದರು, ಬರ್ತೀನಿ ಅಂತು ಮಷೀನು, ದಿನಾ, ಅಂದರು, ದಿನಾ, ಅಂತು ಮಷೀನು. ಆ ಪೇಪರ್ ತಗೊಂಬಾಮ್ಮ ಸೈನ್ ಹಾಕ್ತೀನಿ, ಅಂತ ಚೈತನ್ಯಾಗೆ ಹೇಳಿದರು, ಅವಳು ಓಡಿದಳು, ಶೈಲಜಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ತಡಿ ಶೈಲೂ, ಅಂದರು ಅವರು, ಅದು ಬರೋದ್ರೊಳಗೆ ಒಂದ್ಸಲ ಕೂಗಿಬಿಡ್ತೀನಿ, ನೀನು ಕೇಳಿಸ್ಕೋ, ತಾಯಿ ನೀವೂ ಕೇಳಿಸ್ಕೊಳ್ಳಿ.

ಕೂಗಿದರು. ಬನ್ರಮ್ಮಾ ಬನ್ನೀ, ಮಲ್ಲೇ, ಮೊಗ್ಗಿನ ಮಲ್ಲೇ, ಕನಕಾಂಬ್ರಾ, ಮಾರು ತಗೊಳ್ಳೀ ಮೊಳ ತಗೊಳ್ಳೀ — ಹರಿದ ದನಿ, ಎರಡು ಕಡೆ ನಿಂತೇಹೋಯಿತು, ನಿಂತ ಕಡೆಯಿಂದ ಎಳೆದು ಎತ್ತಿದರು, ವಾರ್ಡಿನ ಅಷ್ಟೂ ಮುಖ ಈ ಕಡೆ, ನರ್ಸು ಬಾಗಿಲಲ್ಲಿ ನಿಂತುಬಿಟ್ಟಳು, ಯಾರೂ ಸುಮ್ಮನಿರಿ ಅನ್ನಲಿಲ್ಲ, ಮಲ್ಲೇ, ಮೊಗ್ಗಿನ ಮಲ್ಲೇ, ಕೂಗುವ ಗಂಟಲಿನ ಮೇಲೆ ಕಿಟಕಿಯಿಂದ ಬಿಸಿಲು ಬಿದ್ದಿದೆ, ಮುದಿ ಚರ್ಮದ ಕೆಳಗೆ, ಧ್ವನಿಪೆಟ್ಟಿಗೆಯ ಜೊತೆಗೇ ಹೋಗಲಿರುವ ಗಂಟಲಮಣಿ ಏರುತ್ತದೆ, ಇಳಿಯುತ್ತದೆ, ದೋರ್ಕಾ ಅದನ್ನೇ ನೋಡುತ್ತಿದ್ದಾಳೆ, ಕೂಗು ಮುಗಿಯಿತು, ಅವರು ಉಗುಳು ನುಂಗಿದರು, ಏರಿತು, ಇಳಿಯಿತು, ಚೈತನ್ಯಾ ಕಾಗದ ತಂದಳು, ಪೆನ್ನು ಕೊಟ್ಟಳು, ಅವರು ಬರೆಯುತ್ತಿದ್ದಾರೆ, ಬರೆಯುವಾಗಲೂ ಅದು ಏರಿ ಇಳಿಯುತ್ತದೆ, ಪ್ರಾರ್ಥನೆ ಮಾಡಬೇಕು ಈಗ, ಸ್ವಾಮಿ, ಈ ಮನುಷ್ಯನನ್ನು, ಅಂತ ಶುರುಮಾಡುತ್ತಾಳೆ, ಮಾತು ಮುಂದೆ ಹೋಗುವುದಿಲ್ಲ, ಸ್ವಾಮಿ, ಇವರ, ಮತ್ತೆ ಶುರುಮಾಡುತ್ತಾಳೆ, ಬಿಸಿಲಲ್ಲಿ ಆ ಗಂಟಲಮಣಿ, ಸ್ವಾಮಿ, ಏರುತ್ತದೆ, ಒಂದು ಕ್ಷಣ ಮೇಲೆಯೇ ನಿಲ್ಲುತ್ತದೆ, ನಡುಗುತ್ತದೆ, ಆ ಗಂಟಲಮಣಿ.